ಕೇಳಿಸಿಕೊಳ್ಳುವ ಪೇಪರು

ಜರ್ಮನ್ ಪರೀಕ್ಷೆಯಲ್ಲಿ ಓದುವುದು, ಬರೆಯುವುದು, ಮಾತಾಡುವುದು ಮೂರರಲ್ಲೂ ನಯನ ಪಾಸಾಗಿದ್ದಳು. ಕೇಳಿಸಿಕೊಂಡು ಉತ್ತರ ಬರೆಯುವ ಪೇಪರಿನಲ್ಲಿ ಮಾತ್ರ ಫೇಲು. ನಂಜನಗೂಡಿನ ನರ್ಸಿಂಗ್ ಹೋಮೊಂದರಲ್ಲಿ ನರ್ಸಾಗಿದ್ದ ಅವಳಿಗೆ ಜರ್ಮನಿಯ ಆಸ್ಪತ್ರೆಯ ಕೆಲಸ ಸಿಗಬೇಕಾದರೆ ಅದೂ ಪಾಸಾಗಲೇಬೇಕಿತ್ತು.

ಭಾನುವಾರ ಟಿ. ನರಸೀಪುರಕ್ಕೆ ಹೋಗಿ, ತನಗೆ ಜರ್ಮನ್ ಕಲಿಸುತ್ತಿದ್ದ ರಮ್ಯಶ್ರೀ ಮಿಸ್ ಎದುರು ಕೂತಾಗ ಅವಳ ಕಣ್ಣು ತುಂಬಿಬಂತು.

“ಒಂದು ಪದ ಗೊತ್ತಾಗ್ನಿಲ್ಲ ಮಿಸ್. ಅದೇನಿರ್ಬೋದು ಅಂತ ಯೋಚ್ನೆ ಮಾಡ್ತಾ ಕೂತೆ. ಅಷ್ಟ್ರಲ್ಲಿ ಮುಂದಿಂದೆಲ್ಲ ಓಗ್ಬುಡ್ತು.”

ಮಿಸ್ ಬೈಯಲಿಲ್ಲ. “ನಿನ್ನ ವಾರ್ಡಿಗೆ ಒಬ್ಬರು ಅಜ್ಜಿ ಹೊಟ್ಟೆನೋವು ಅಂತ ಬರ್ತಾರೆ. ಮಗಳ ಮನೆಗೆ ಹೋಗಿದ್ದು, ಬಸ್ಸು ತಪ್ಪಿದ್ದು, ಎಲ್ಲಾ ಹೇಳ್ತಾರೆ. ಒಂದೊಂದು ಮಾತೂ ಹಿಡಿದಿಟ್ಕೋತೀಯಾ?”

“ಯಾಕ್ ಮಿಸ್? ಎಲ್ಲಿ ನೋವು, ಯಾವಾಗಿಂದ, ಏನ್ ತಿಂದ್ರು, ಅಷ್ಟು ಗೊತ್ತಾದ್ರೆ ಸಾಕು.”

“ಅಂದ್ರೆ ಅವರು ಬಾಯಿ ಬಿಡೋ ಮುಂಚೇನೇ ನಿನಗೇನು ಬೇಕು ಅಂತ ಗೊತ್ತಿರತ್ತೆ. ಪರೀಕ್ಷೇಲೂ ಅಷ್ಟೇ ಕಣೆ. ಆಡಿಯೋ ಶುರುವಾಗೋ ಮುಂಚೆ ಪ್ರಶ್ನೆ ಓದ್ಕೊ. ಯಾರು, ಎಲ್ಲಿ, ಯಾವಾಗ, ಏನು ಕೇಳಿದಾರೋ ಅದಕ್ಕೆ ಗೆರೆ ಎಳಿ. ಒಂದು ತಪ್ಪಿಹೋಯ್ತಾ, ಬಿಟ್ಟು ಮುಂದಕ್ಕೆ ಹೋಗು.”

ಅಂದಿನಿಂದ ಅವಳ ಊರು ದೇವನೂರಿನಿಂದ ನಂಜನಗೂಡಿಗೆ ಹೋಗುವ ಬಸ್ಸೇ ಅವಳ ಕ್ಲಾಸಾಯಿತು. ಡ್ಯೂಟಿಗೆ ಹೋಗುವಾಗ ಇಯರ್‌ಫೋನಿನಲ್ಲಿ ಜರ್ಮನ್ ಸುದ್ದಿ ಹಾಕಿಕೊಳ್ಳುವಳು. ಎಲ್ಲಿ ಮಳೆ? ಯಾರು ಗೆದ್ದರು? ಒಂದು ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಕೇಳುವಳು. ಪಕ್ಕದವರ ಮಾತು, ಹಾರನ್ನು, ಕಂಡಕ್ಟರ್ ಸೀಟಿ ನಡುವೆಯೂ ಉತ್ತರ ಸಿಕ್ಕಿದ ದಿನ ಅವಳಿಗೆ ನಗು ಬರುತ್ತಿತ್ತು.

ಮತ್ತೆ ಬೆಂಗಳೂರಿಗೆ ಹೋಗಿ ಪರೀಕ್ಷೆಗೆ ಕೂತಳು. ಆಡಿಯೋದಲ್ಲಿ ಬಂದ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಲ್ಲಿ ಮೊದಲು ಒಂದು ಪ್ಲಾಟ್‌ಫಾರಂ ಹೇಳಿದರು. ಹಿಂದಿನ ಸಲವಾಗಿದ್ದರೆ ತಕ್ಷಣ ಗುರುತು ಹಾಕಿಬಿಡುತ್ತಿದ್ದಳು. ಈ ಸಲ ತಡೆದಳು. ‘ಆದರೆ ಇವತ್ತು’ ಎಂದು ಶುರುಮಾಡಿ ಬೇರೆಯದೇ ನಂಬರು ಹೇಳಿದರು. ಸಂದರ್ಶನದ ಭಾಗದಲ್ಲಿ ಒಂದು ಉತ್ತರ ಪೂರ್ತಿ ಕೈತಪ್ಪಿತು. ಪೆನ್ಸಿಲನ್ನು ಮುಂದಿನ ಪ್ರಶ್ನೆಯ ಮೇಲಿಟ್ಟು, ಅಲ್ಲಿಂದ ಕೇಳತೊಡಗಿದಳು.

ಫಲಿತಾಂಶ ಬಂದಾಗ ಅವಳು ಮನೆಯಲ್ಲೇ ಇದ್ದಳು. ಬಹಳ ಮಾರ್ಕ್ಸೇನೂ ಬಂದಿರಲಿಲ್ಲ, ಆದರೆ ಪಾಸು. ಫೋನಿನಲ್ಲಿ ಸುದ್ದಿ ಕೇಳಿದ ಮಿಸ್ ಕೂಗಿದ ಕೂಗು ಒಳಗಿದ್ದ ತಾಯಿ ರುದ್ರಮ್ಮನಿಗೂ ಕೇಳಿಸಿತು. ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ ಎದ್ದು ಬಂದು ಮಗಳ ಗಲ್ಲ ಹಿಡಿದಳು. ಕೆನ್ನೆಗೆಲ್ಲ ಅಕ್ಕಿಹಿಟ್ಟು.

“ಅಲ್ಲಿಗೆ ಓದ್ಮೇಲೆ ನಾನು ಫೋನ್ ಮಾಡ್ದಾಗ ನಿನ್ ಜೊತೇಲಿರೋರು ಎತ್ಕಂಡ್ರೆ ಏನಂತ ಮಾತಾಡ್ಲವ್ವ? ನಂಗೂ ಒಸಿ ಏಳ್ಕೊಡು.”

ನಯನ ಅಲ್ಲೇ ಅಡುಗೆಮನೆ ಬಾಗಿಲಲ್ಲಿ ಕೂತು ಜರ್ಮನ್ನಿನ ನಮಸ್ಕಾರ ಹೇಳಿಕೊಟ್ಟಳು: “ಗೂಟನ್ ಟಾಗ್.”