ಉತ್ತರದ ಕಿಟಕಿಗೊಂದು ಗಿಡ

ಮತ್ತೆ ಗುದ್ದಲಿ ಸದ್ದು, ಅಡುಗೆಮನೆ ಕಿಟಕಿಯ ಕೆಳಗೇ, ಪಚಕ್ ಪಚಕ್ ಅಂತ, ಒಣ ಮಣ್ಣು ಹೀಗೆ ಸದ್ದು ಮಾಡುವುದಿಲ್ಲ, ಮಾಲಿ ಹುಚ್ಚೀರಯ್ಯ ಸತ್ತ ಮಲ್ಲಿಗೆಯನ್ನು ಕೀಳುತ್ತಿದ್ದಾನೆ, ಇವರು ಹಿತ್ತಲಲ್ಲಿ ನಿಂತು ನೋಡುತ್ತಿದ್ದಾರೆ — ಬೇಳೆ ಉಕ್ಕುತ್ತಿದೆ, ಉಕ್ಕಲಿ, ಇಲ್ಲ, ಇಳಿಸಬೇಕು, ಕೈ ಅದರ ಪಾಡಿಗೆ ಅದು ಇಳಿಸಿತು. ಕಾಮಾಕ್ಷಿ, ಗಿಡ ಆರಿಸೋದರಲ್ಲಿ ನೀನು ಬುದ್ಧಿವಂತೆ, ಎರಡು ತಿಂಗಳಲ್ಲಿ ಆ ಕಿಟಕಿ ಮುಚ್ಚಬೇಕು, ಯಾವುದು ಹಾಕಬೇಕು ಅಂತ ಮಾಲಿಗೆ ನೀನೇ ಹೇಳು ಅಂದಿದ್ದರು ಇವರು ಆವತ್ತು, ನಗುತ್ತಲೇ, ಇವರ ಸಿಟ್ಟು ನಗುತ್ತಲೇ ಬರುತ್ತದೆ. ದಾರಿಗೆ ತೆರೆಯುವ ಕಿಟಕಿ ನನಗೆ ಅದೊಂದೇ, ಮುಂದಿನ ಕೋಣೆ ಓವರ್ಸೀಯರ್ ಸಾಹೇಬರ, ಅಂದರೆ ಇವರ, ಕಾಲುವೆ ನಕ್ಷೆಗಳದ್ದು, ಅಲ್ಲಿ ಗಂಡಸರು ಬರುತ್ತಾರೆ, ನಾನು ಕಾಲಿಡುವಂತಿಲ್ಲ, ಹೊಸಿಲು ದಾಟುವುದು ಶುಕ್ರವಾರ ದೇವಸ್ಥಾನಕ್ಕೆ, ಅದೂ ಇವರ ಹಿಂದೆ. ನಾಲ್ಕು ವರ್ಷದಲ್ಲಿ ನಾನು ನೋಡಿದ ಮಂಡ್ಯ ಏಳು ಸರಳುಗಳ ನಡುವೆ ಹಿಡಿಸುವಷ್ಟು, ಕಬ್ಬಿನ ಗಾಡಿ, ಧೂಳು, ಮತ್ತೆ ಕಬ್ಬಿನ ಗಾಡಿ, ಆಮೇಲೆ ಬೀರಮ್ಮ.

ಬೀರಮ್ಮ ಬೆರಣಿ ಮಾರುವವಳು, ಗಂಡ ಚಿಕ್ಕಣ್ಣ ಯುದ್ಧಕ್ಕೆಂದು ಸೈನ್ಯ ಸೇರಿ ಅಸ್ಸಾಮಿನಲ್ಲೆಲ್ಲೋ ರಸ್ತೆ ಹಾಕುತ್ತಿದ್ದಾನೆ, ಅವನ ಕಾಗದ ಬಂದರೆ ಅವಳ ಊರಿನ ಶ್ಯಾನುಭೋಗರು ಚಾವಡಿಯಲ್ಲಿ ಗಟ್ಟಿಯಾಗಿ ಓದುತ್ತಾರೆ, ಕೂತವರೆಲ್ಲ ನಗುತ್ತಾರೆ, ನನ್ ಗಂಡ ನಂಗಂತ ಬರ್ಸಿದ್ ಮಾತ ಊರ್ನೋರೆಲ್ಲ ಕೇಳ್ತಾರಲ್ಲವ್ವ, ನಂಗೇ ಅಕ್ಸರ ಕಲ್ಸಿಕೊಡಿ, ಬೆರಣಿ ಪುಕ್ಸಟ್ಟೆ ಆಕ್ತೀನಿ — ಬೆರಣಿ ಬೇಡ ಕಣೇ, ನೀನು ಬಾ ಸಾಕು ಅಂದೆ. ಹೊರಗೆ ಅವಳು, ಒಳಗೆ ನಾನು, ಸ್ಲೇಟು ಓರೆ ಹಿಡಿದರೆ ಮಾತ್ರ ಸರಳುಗಳ ನಡುವೆ ತೂರುತ್ತದೆ, ವಾಪಸು ಬರುವಾಗ ಅದರ ಮೂಲೆಯಲ್ಲಿ ಸಗಣಿಯ ಬೆರಳಚ್ಚು, ಏಳು ವಾರದಲ್ಲಿ ಕಾಗುಣಿತದ ಅರ್ಧಕ್ಕೆ ಬಂದಳು, ಒಂದು ದಿನ ನಾನು ಬರೆದುಕೊಟ್ಟ ತನ್ನ ಹೆಸರು ನೋಡಿ ಬರೆಯಲು ಹೋಗಿ ಬೋರಮ್ಮ ಅಂತ ಬರೆದು ನಮ್ ಅತ್ತೆ ಬಂದ್ಬುಟ್ಲು ಕಣವ್ವ ಅಂದಳು, ಇಬ್ಬರೂ ನಕ್ಕೆವು, ನಾನು ಹಾಗೆ ಗಟ್ಟಿಯಾಗಿ ನಕ್ಕು ಎಷ್ಟು ವರ್ಷವಾಗಿತ್ತೋ, ಇವರು ಅವತ್ತೇ ಮದ್ದೂರಿನ ತಪಾಸಣೆ ಬೇಗ ಮುಗಿಸಿ ಬಂದಿದ್ದರು, ನಗು ಕೇಳಿಸಿಕೊಂಡರು, ಗಿಡದ ಮಾತು ಎತ್ತಿದ್ದು ಆ ರಾತ್ರಿಯೇ.

ಮಳವಳ್ಳಿಯಲ್ಲಿ ಅಪ್ಪ ಒಂದು ಗಿಡ ನೆಡುವ ಮೊದಲು ಇಡೀ ದಿನ ಆ ಜಾಗದಲ್ಲಿ ಕೂರುತ್ತಿದ್ದರು, ಬಿಸಿಲು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ನೋಡು ಮಗು, ನೀರು ಎಲ್ಲಿ ನಿಲ್ಲುತ್ತೆ ನೋಡು, ಆಮೇಲೆ ಆರಿಸು. ಹಾಗೇ ಆರಿಸಿದೆ ಇಲ್ಲೂ, ದಿನವಿಡೀ ಬಿಸಿಲು ಬೀಳುವ ಮುಂದಿನ ಕೆಂಪುಮಣ್ಣಿಗೆ ದಾಸವಾಳ, ಬಾವಿಯ ಪಕ್ಕದ ತೇವಕ್ಕೆ ಬಾಳೆ, ಕೆಸವು, ಒಡೆದ ಮಡಕೆಗೆ ದೊಡ್ಡಪತ್ರೆ, ಒಂದೂ ಸಾಯಲಿಲ್ಲ. ಕಿಟಕಿ ಇರುವುದು ಉತ್ತರಕ್ಕೆ, ಸದಾ ಗೋಡೆಯ ನೆರಳು, ಬಚ್ಚಲ ನೀರು ಅಲ್ಲೇ ಇಂಗುತ್ತದೆ, ಅಲ್ಲಿಗೆ ಸರಿಯಾದದ್ದು ಬಸಳೆ, ಎರಡೇ ತಿಂಗಳಲ್ಲಿ ಹಬ್ಬಿ ಮುಚ್ಚಿಬಿಡುತ್ತದೆ, ಗೊತ್ತಿತ್ತು, ಗೊತ್ತಿದ್ದೇ ಮಾಲಿಗೆ ದುಂಡುಮಲ್ಲಿಗೆ ಅಂದೆ. ಇಲ್ಲಿ ಮಲ್ಗೆ ಬರಾಕಿಲ್ಲ ಕಣವ್ವ, ಬಿಸ್ಲಿಲ್ಲ, ಬೇರು ಕೊಳ್ತೋಯ್ತದೆ ಅಂದ ಹುಚ್ಚೀರಯ್ಯ. ಕೊಳೆಯಲಿ ಬಿಡು — ಬಾಯಿಂದ ಬಂದೇಬಿಟ್ಟಿತು. ಮುದುಕ ನನ್ನ ಮುಖ ನೋಡಿದ, ಕಿಟಕಿ ನೋಡಿದ, ಆಯ್ತು ಬುಡಿ ಅಂದ. ಎಲೆ ಹಳದಿಯಾಯಿತು, ಉದುರಿತು, ಇವರಿಲ್ಲದ ಹೊತ್ತಿನಲ್ಲಿ ಬೀರಮ್ಮ ಬರುತ್ತಲೇ ಇದ್ದಳು, ಗಿಡ ಅವಳ ಮಂಡಿಯವರೆಗೂ ಬರಲಿಲ್ಲ, ನಾನು ಗೆದ್ದೆ ಅಂದುಕೊಂಡೆ.

ಈಗ ಗುದ್ದಲಿ ನಿಂತಿತು, ಇವರ ದನಿ, ಕಾಲುವೆ ಕೆಲಸದವನ ಮನೇಲಿ ನೀರು ನಿಲ್ಲೋ ಕಡೆ ಮಲ್ಲಿಗೆ ಹಾಕಿದ್ದೀಯಲ್ಲೋ, ಅಮ್ಮ ಹೇಳಿದಳಾ? ಇಲ್ಲ ಬುದ್ಧಿ, ಅವ್ವಾರು ಬ್ಯಾರೆ ಯೋಳಿದ್ರು, ನಾನೇ ಮಲ್ಗೆ ಆಕ್ದೆ, ತೆಪ್ಪಾಯ್ತು. ಹಾಗಾದರೆ ನಾಳೆಯಿಂದ ಬರಬೇಡ. ಅಯ್ಯೋ — ಬಂಡೂರಿನಿಂದ ಬಂದವನು, ಮಗ ಸತ್ತ ಮೇಲೆ ಸೊಸೆ, ಮೊಮ್ಮಕ್ಕಳ ಹೊಟ್ಟೆಗೆ ಇವನ ದುಡಿಮೆಯೇ ಹಿಟ್ಟು, ಸುಮ್ಮನಿದ್ದರೆ ಕಿಟಕಿ ಉಳಿಯುತ್ತದೆ, ಒಂದು ಗಳಿಗೆ ಸುಮ್ಮನೇ ಇದ್ದೆ, ಇದ್ದೆನಲ್ಲ, ಆ ಒಂದು ಗಳಿಗೆಯನ್ನು ಎಲ್ಲಿ ಬಚ್ಚಿಡಲಿ, ಆಮೇಲೆ ಹಿತ್ತಲ ಬಾಗಿಲಲ್ಲಿ ನಿಂತು ಮಲ್ಲಿಗೆ ಅಂದವಳು ನಾನೇ ಅಂದೆ. ಇವರು ನಕ್ಕರು, ಗೊತ್ತು ಕಣೇ, ನಿನ್ನ ಬಾಯಿಂದ ಕೇಳಬೇಕಿತ್ತು, ಸರಿ, ಈಗ ಸರಿಯಾದ್ದು ಹೇಳು, ಅವನ ಕೆಲಸ ಇರುತ್ತೆ. ಹುಚ್ಚೀರಯ್ಯ ಇವರ ಬೆನ್ನ ಹಿಂದೆ ತಲೆಯಾಡಿಸಿದ, ಬ್ಯಾಡಿ, ಬ್ಯಾಡಿ ಅಂತ. ಬಸಳೆ ಅಂದೆ.

ಸಂಜೆಯೊಳಗೆ ನಾಲ್ಕು ಕಡ್ಡಿ ನೆಟ್ಟ, ನನ್ನ ಕಡೆ ಕಣ್ಣೆತ್ತಲಿಲ್ಲ, ಮಳೆ ಬಂತು, ಬಿಟ್ಟಿತು, ಬಳ್ಳಿ ಹತ್ತಿತು, ಎಷ್ಟು ಚೆನ್ನಾಗಿ ಹತ್ತಿತು, ಇವರು ದಿನಾ ಗೇಣು ಹಾಕಿ ನೋಡುತ್ತಾರೆ, ನಾನು ಒಂದು ಕುಡಿ ಚಿವುಟಿದರೂ ಕೆಲಸ ಹೋಗುವುದು ಹುಚ್ಚೀರಯ್ಯನದು. ಇವತ್ತು ಬೀರಮ್ಮ ಎಲೆ ಸರಿಸಿ ಹೊಸ ಕಾಗದ ಹಿಡಿದಳು, ತಾನೇ ಓದಿದಳು, ಬೀ... ರಾ... ನೀ... ನು... ನೀನು, ನನ್ನೇ ಕರ್ದವ್ನೆ ಕಣವ್ವ, ಒತ್ತಕ್ಷರ ಬಂದಲ್ಲೆಲ್ಲ ನಿಂತಳು, ಇದೇನವ್ವ ಕೆಳಿಕ್ಕೆ ನೇತಾಕೊಂಡದೆ — ಅದು ಮುಂದಿನ ಪಾಠ ಬೀರಮ್ಮ — ಯಾವಾಗವ್ವ? ಎಲೆಗಳ ಹಿಂದೆ ಅವಳ ಒಂದು ಕಣ್ಣು, ಅರ್ಧ ಬಾಯಿ, ಅವುಗಳ ಮುಂದೆ ಐದನೇ ಸರಳಿಗೆ ಒಂದು ಕುಡಿ, ಬೆಳಿಗ್ಗೆ ಇರಲಿಲ್ಲ, ಒಂದು ಸುತ್ತು ಸುತ್ತಿದೆ, ಎಳೆಯದು, ಮುಟ್ಟಿದರೆ ಮುರಿಯುವಂಥದು, ಇನ್ನೊಂದು ಸುತ್ತಿಗೆ ತಲೆ ಬಾಗಿಸಿದೆ, ಕುಡಿ, ಇವತ್ತು ಐದನೇ ಸರಳಿಗೆ, ನಾಳೆ ಆರನೆಯದಕ್ಕೆ.