ಅತ್ತಿಗೆಯ ತೊಟ್ಟಿಲು

"ಕಂಪ್ಯೂಟರಿನಲ್ಲಿ ತೊಟ್ಟಿಲುಗಳಿದ್ದವು, ಗೋದಾಮಿನಲ್ಲಿ ಒಂದೂ ಇರಲಿಲ್ಲ," ಎಂದು ಅತ್ತಿಗೆ ಶುರುಮಾಡಿದರು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಮೇಜಿನ ಮೇಲೆ ನಾದಿನಿಯ ನೀಲಿ ಅಂಗಿ. ನಾಳೆ ಇಂಟರ್‌ವ್ಯೂಗೆ ಅತ್ತಿಗೆ ಅದನ್ನೇ ಹಾಕಿಕೊಂಡು ಹೋಗುವುದೆಂದು ಮಾತಾಗಿತ್ತು. "ಆಗ ನಾವು ಏನು ಮಾಡಿದೆವು ಅಂದರೆ..."

ಎದುರು ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನಾದಿನಿ ಇಲ್ಲಿ ತಡೆಯಬೇಕಿತ್ತು. ‘ನಾವು’ ಅಂದರೆ ಕೆಲಸ ಮಾಡಿದವರು ಯಾರೆಂದು ಪ್ರಶ್ನೆ ಕೇಳುವವರಿಗೆ ತಿಳಿಯುವುದಿಲ್ಲ, ‘ನಾನು’ ಅನ್ನಿ ಎಂದು ಪಾಠ ಹೇಳಿಕೊಟ್ಟವಳು ಅವಳೇ. ಈಗ ತಲೆ ತಗ್ಗಿಸಿ ಕಾಯಿ ಮುರಿಯುತ್ತಿದ್ದಳು.

"ಏನು ಮೇಡಂ, ಇವತ್ತು ತಪ್ಪು ಹಿಡೀತಾನೇ ಇಲ್ಲ?" ಎಂದು ಅತ್ತಿಗೆ ನಕ್ಕರು. ಅಭ್ಯಾಸಕ್ಕೆ ಕೂತಾಗ ನಾದಿನಿ ಮೇಡಂ ಆಗಬೇಕೆಂಬುದು ಅವರದೇ ಏರ್ಪಾಡು.

ಆನ್‌ಲೈನ್‌ನಲ್ಲಿ ಸಾಮಾನು ಮಾರುವ, ನಾಳೆ ಅತ್ತಿಗೆಯನ್ನು ಕರೆದಿದ್ದ ಕಂಪನಿಗೆ ಪ್ರೋಗ್ರಾಂ ಬರೆಯಲು ಬಂದರಷ್ಟೇ ಸಾಲದು. ಇಂಥ ಹೊತ್ತಿನಲ್ಲಿ ನೀವೇನು ಮಾಡಿದಿರಿ ಎಂದು ಕೇಳುತ್ತಾರೆ, ನಿಜವಾಗಿ ನಡೆದದ್ದನ್ನೇ ಹೇಳಬೇಕು. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದ ಅತ್ತಿಗೆಯ ಬಳಿ ಹೇಳಿಕೊಳ್ಳುವಂಥದ್ದು ಇದ್ದದ್ದು ಇದೊಂದೇ. ಹಿಂದಿನ ಕೆಲಸದಲ್ಲಿ, ರಿಯಾಯಿತಿ ಮಾರಾಟದ ದಿನ, ಇಲ್ಲದ ತೊಟ್ಟಿಲುಗಳಿಗೆ ಆರ್ಡರ್ ಬೀಳುತ್ತಿದ್ದುದನ್ನು ಕಂಡು, ಮೇಲಿನವರನ್ನೂ ಕೇಳದೆ ಮಾರಾಟ ನಿಲ್ಲಿಸಿದ್ದರು. ಕೊಂಡವರಿಗೆಲ್ಲ ಕೂತು ಫೋನ್ ಮಾಡಿ ಕ್ಷಮೆ ಕೇಳಿದ್ದರು. ಬೈಸಿಕೊಂಡು ಬೈಸಿಕೊಂಡು ಸಾಕಾಗಿದ್ದಾಗ ಒಬ್ಬ ಅಜ್ಜಿ, "ತೊಟ್ಟಿಲು ಬರದಿದ್ರೆ ಹೋಗ್ಲಿ ಬಿಡಮ್ಮ, ನನ್ನ ಮಡಿಲು ಎಲ್ಲಿಗೂ ಹೋಗಿಲ್ಲ," ಅಂದಿದ್ದಳಂತೆ.

ಖಾಲಿ ವರ್ಷಗಳನ್ನು ನೋಡಿ ಬೇರೆ ಕಂಪನಿಗಳು ಅತ್ತಿಗೆಯನ್ನು ಮಾತಾಡಿಸಿಯೂ ಇರಲಿಲ್ಲ. ಈ ಕಂಪನಿಯೊಂದೇ ಕರೆದಿತ್ತು. ನಾದಿನಿಗೋ ಒಳ್ಳೆಯ ಕೆಲಸವೇ ಇತ್ತು. "ನೀನೂ ಅಲ್ಲಿಗೆ ಒಂದು ಅರ್ಜಿ ಹಾಕು, ಜೊತೆಗೆ ಓದಿದ್ರೆ ನಂಗೂ ಧೈರ್ಯ," ಎಂದು ಅತ್ತಿಗೆ ದುಂಬಾಲು ಬಿದ್ದದ್ದಕ್ಕೆ ಹಾಕಿದ್ದಳು.

ಅವಳ ಇಂಟರ್‌ವ್ಯೂ ಇವತ್ತು ಬೆಳಿಗ್ಗೆಯೇ ಮುಗಿದಿತ್ತು. ಪ್ರೋಗ್ರಾಂ ಬರೆಯುವುದು ನೀರು ಕುಡಿದಷ್ಟು ಸಲೀಸಾಗಿ ಆಯಿತು. ಆಮೇಲೆ, ಎದುರು ಕೂತಿದ್ದ ಇಬ್ಬರಲ್ಲಿ ಕನ್ನಡಕದವರು, ಗಿರಾಕಿಗಳ ಪರವಾಗಿ ನಿಂತದ್ದೊಂದು ಹೇಳಿ ಎಂದರು. ತಾನು ಉರುಹೊಡೆದದ್ದೆಲ್ಲ ಆ ಗಳಿಗೆಗೆ ಎಲ್ಲಿ ಹಾರಿಹೋಯಿತೋ, ಬಾಯಿ ತೆರೆದರೆ ಅತ್ತಿಗೆಯ ತೊಟ್ಟಿಲು ಬಂತು. ಮೊದಲ ಮಾತು ಬಾಯಿತಪ್ಪಿ ಬಂತೆನ್ನಬಹುದು. ಅಜ್ಜಿಯ ಮಡಿಲಿನವರೆಗೆ ಯಾರೂ ಬಾಯಿತಪ್ಪಿ ಹೋಗುವುದಿಲ್ಲ. ಕನ್ನಡಕದವರು ಮನಸಾರೆ ನಕ್ಕು, ಪಕ್ಕದವರ ಮುಖ ನೋಡಿ ತಲೆದೂಗಿದ್ದರು. ನಾಳೆ ಬರುವವರನ್ನು ನೋಡುವುದೂ ತಾವಿಬ್ಬರೇ ಎಂದು ಹೊರಡುವಾಗ ಹೇಳಿದ್ದರು. ಬಸ್ಸಿನಲ್ಲಿ ಮನೆಗೆ ಬರುವಷ್ಟು ಹೊತ್ತೂ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

"ಅತ್ತಿಗೆ, ಇದು ಬೇಡ," ಎಂದಳು ಈಗ. "ಬೇರೆ ಯಾವುದಾದ್ರೂ ಹೇಳಿ. ಇದು ಸ್ವಲ್ಪ ಹಳೇದಾಯ್ತು ಅನ್ಸುತ್ತೆ."

"ಹಳೇದೇ ಕಣೇ. ಹೊಸದು ಎಲ್ಲಿಂದ ತರ್ಲಿ? ನಿನ್ನ ಮುದ್ದಿನ ಸೊಸೆಯ ಹಲ್ಲು ಬಿದ್ದಿದ್ದು ಹೇಳ್ಲಾ?"

ನಾದಿನಿ ನಗಲಿಲ್ಲ. ಅತ್ತಿಗೆ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ನಿಜವಾಗಿಯೂ ಯೋಚಿಸಿದರು. ಮಗಳ ಸ್ಕೂಲ್ ಬಸ್ಸಿನ ಸಂಗತಿಯೊಂದನ್ನು ಹೇಳಹೊರಟು ಅರ್ಧಕ್ಕೇ ಬಿಟ್ಟರು. ಅವರ ಮುಖ ಸಣ್ಣದಾಯಿತು.

"ಅಷ್ಟು ಸಪ್ಪೆಯಾಗಿದ್ಯಾ? ಮುಚ್ಚುಮರೆ ಬೇಡ, ಹೇಳು. ಅವ್ರು ಆಡ್ಕೊಂಡು ನಗ್ತಾರಾ?"

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅತ್ತಿಗೆ ನಂಬುತ್ತಿದ್ದರು. ನಂಬಿ, ನಾಳೆ ಬರಿಗೈಯಲ್ಲಿ ಹೋಗಿ, ಸೋತು ಬಂದು, ಇವಳಿಗೇ ಕಾಫಿ ಮಾಡಿ ಕೊಡುತ್ತಿದ್ದರು. ನಾದಿನಿ ಕೈಲಿದ್ದ ಕಾಯಿಯನ್ನು ತಟ್ಟೆಗೆ ಹಾಕಿದಳು.

"ಇಲ್ಲ ಅತ್ತಿಗೆ. ಅವರಿಗೆ ತುಂಬಾ ಇಷ್ಟ ಆಯ್ತು."

ಅತ್ತಿಗೆ ಅವಳನ್ನೇ ನೋಡುತ್ತಿದ್ದರು.

"ಅಜ್ಜಿ ಹೇಳಿದ್ದೂ ಹೇಳಿದ್ಯಾ?"

"ಹೂಂ."

"ನೀನೇ ಫೋನ್ ಮಾಡ್ದೆ ಅಂತ."

"ಹೂಂ. ತಪ್ಪಾಯ್ತು ಅತ್ತಿಗೆ. ಯಾಕೆ ಹಾಗೆ ಮಾಡಿದ್ನೋ ನಂಗೇ ಗೊತ್ತಾಗ್ತಿಲ್ಲ. ಈಗ್ಲೇ ಅವರಿಗೆ ಮೇಲ್ ಬರೀತೀನಿ, ಅದು ನಂದಲ್ಲ, ನಿಮ್ದು ಅಂತ."

"ಬರಿ. ನೀನು ಬರೀಲೇಬೇಕು," ಎಂದರು ಅತ್ತಿಗೆ. ದನಿ ಏರಲಿಲ್ಲ. "ಆದ್ರೆ ಆಮೇಲೆ ನಾನು ಅದನ್ನ ಹೇಳಿದ್ರೂ, ಇಬ್ರೂ ಮನೇಲಿ ಕೂತು ಹೆಣೆದಿದ್ದು ಅಂತ್ಲೇ ಅಂದ್ಕೋತಾರೆ."

ನಾದಿನಿ ಅಲ್ಲೇ ಫೋನ್ ತೆಗೆದು ಬರೆದಳು, ಕಳಿಸಿದಳು. ಕಳಿಸಿದ್ದನ್ನು ತೋರಿಸಲು ಹೋದರೆ ಅತ್ತಿಗೆ ಅತ್ತ ನೋಡಲಿಲ್ಲ. ಅಂಗಿಯ ಕಾಲರನ್ನು ಬೆರಳಿನಿಂದ ತೀಡುತ್ತಿದ್ದರು.

"ಜೊತೆಯವರು ನಂಬಿಕೆ ಕೆಡಿಸಿದಾಗ ಏನು ಮಾಡಿದಿರಿ ಅಂತ ನಮ್ಮ ಅಭ್ಯಾಸದ ಪಟ್ಟೀಲಿ ಒಂದು ಪ್ರಶ್ನೆ ಇತ್ತಲ್ಲ," ಎಂದರು. "ಅದನ್ನ ಕೇಳಿ, ಮೇಡಂ."

ಈ ಸಲ ನಗು ಇರಲಿಲ್ಲ. ನಾದಿನಿ ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ನೆಟ್ಟಗೆ ಕೂತು, ಒಡೆದ ದನಿಯಲ್ಲೇ ಆ ಪ್ರಶ್ನೆ ಕೇಳಿದಳು. ಅತ್ತಿಗೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು, ಆಗಲೇ ಇಸ್ತ್ರಿಯಾಗಿದ್ದ ತೋಳನ್ನು ಮತ್ತೆ ಉಜ್ಜತೊಡಗಿದರು.