ಟೋರುನ್‌ಗೆ ಇಷ್ಟವಾಗದ ಸಿನಿಮಾ

ಟೋರುನ್ ನನಗೆ ಪರಿಚಯವಾದದ್ದು ಜಗಳದಿಂದ. ‘ಬೆಳ್ಳಿಗರಿ’ ಸರಣಿಯ ನಾಲ್ಕನೆಯ ಸಿನಿಮಾ ಬಿಡುಗಡೆಯಾದ ದಿನ ಬರ್ಗೆನ್ನಿನ ಚಿತ್ರಮಂದಿರದ ಹೊರಗೆ ನಾನು ಅದನ್ನು ಬಾಯ್ತುಂಬ ಹೊಗಳುತ್ತ ನಿಂತಿದ್ದೆ. ಟ್ರಾಮ್ ಚಾಲಕರ ಕೋಟು ತೊಟ್ಟಿದ್ದ ಹೆಂಗಸೊಬ್ಬಳು ಹತ್ತಿರ ಬಂದು, “ಒಳಗೆ ನಿದ್ದೆ ಹೊಡೀತಿದ್ಯೋ ಏನು?” ಎಂದಳು. ಮಾತಿಗೆ ಮಾತು ಬೆಳೆದು ಕಾಫಿಗೆ ಹೋದೆವು. ಆ ವರ್ಷವೇ ಇಬ್ಬರೂ ಸೇರಿ ಅಂತರ್ಜಾಲದಲ್ಲಿ ಅಭಿಮಾನಿಗಳದೊಂದು ಪುಟ ಶುರುಮಾಡಿದೆವು. ನಾರ್ವೆಯ ಮೂಲೆಮೂಲೆಯಿಂದ ಎಂಟು ಸಾವಿರ ಜನ ಅಲ್ಲಿಗೆ ಬಂದು ಕಚ್ಚಾಡುತ್ತಿದ್ದರು. ನಾನು ಕೊಲ್ಲಿ ದಾಟಿಸುವ ಫೆರಿ ದೋಣಿಯಲ್ಲಿ ಕೆಲಸ ಮಾಡುವವನು, ಹೆಸರು ಸ್ಟೈನಾರ್. ನಮ್ಮಿಬ್ಬರ ನಡುವೆ ಪ್ರೇಮವೇನೂ ಇರಲಿಲ್ಲ. ಹನ್ನೆರಡು ವರ್ಷ ಒಂದೇ ವಿಷಯಕ್ಕೆ ಜಗಳವಾಡಿದವರ ನಡುವೆ ಏನಿರುತ್ತದೋ ಅದಿತ್ತು.

ಹತ್ತನೆಯ ಸಿನಿಮಾದ ಕೊನೆಗೆ ನಾಯಕ ಬೆಳ್ಳಿಗರಿ ಸಾಯುತ್ತಾನೆ. ಮುಳುಗುತ್ತಿರುವ ಊರಿನ ಹೆಬ್ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಎಲ್ಲರೂ ದಾಟಿಹೋದ ಮೇಲೆ, ನೀರು ಗದ್ದದವರೆಗೆ ಬಂದಾಗ ಸುಮ್ಮನೆ ಕಣ್ಣು ಮುಚ್ಚುತ್ತಾನೆ. ಮಾತಿಲ್ಲ, ಸಂಗೀತವೂ ಇಲ್ಲ. ಚಿತ್ರಮಂದಿರದ ತುಂಬ ಬಿಕ್ಕುವ ಸದ್ದು. ನಾನೂ ಅತ್ತೆ. ಟೋರುನ್ ಅಳಲಿಲ್ಲ.

“ಚೆನ್ನಾಗಿ ಹೋದ ಕಣೋ,” ಎಂದಳು, ಮನೆಗೆ ಹೋಗುವಾಗ. “ಗಲಾಟೆ ಮಾಡ್ಲಿಲ್ಲ, ಯಾರನ್ನೂ ಬೈಲಿಲ್ಲ. ಹೋದ.”

“ವಾಪಸ್ ಬರ್ತಾನೆ ಬಿಡು. ಇನ್ನೊಂದು ಸಿನಿಮಾ ಇದೆಯಲ್ಲ.”

“ಬರಬಾರ್ದು.”

ಅವಳ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆಯಿದೆಯೆಂದು ವೈದ್ಯರು ಹೇಳಿ ಆಗ ಐದು ದಿನವಾಗಿತ್ತಂತೆ. ನನಗೆ ತಿಳಿದದ್ದು ಒಂದು ತಿಂಗಳ ಮೇಲೆ.

ಹನ್ನೊಂದನೆಯದು, ಸರಣಿಯ ಕಡೆಯದು, ಮರುವರ್ಷದ ಮೇ ತಿಂಗಳಿಗೆ ಎಂದು ಪ್ರಕಟವಾಯಿತು. ಫೆಬ್ರವರಿಯಲ್ಲಿ ಟೋರುನ್ ಆಸ್ಪತ್ರೆ ಸೇರಿದಳು. ಇನ್ನು ವಾಸಿಯಾಗದವರನ್ನು ನೋವಿಲ್ಲದಂತೆ ನೋಡಿಕೊಳ್ಳುವ ವಾರ್ಡು ಅದು. ಮೇ ತಿಂಗಳವರೆಗೆ ಇರುವುದು ಕಷ್ಟವೆಂದು ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಅಂದೇ ನಾನು, ಟೋರುನ್‌ಳನ್ನು ಒಂದು ಮಾತೂ ಕೇಳದೆ, ನಮ್ಮ ಪುಟದಲ್ಲಿ ಎಲ್ಲವನ್ನೂ ಬರೆದುಬಿಟ್ಟೆ. ಸಾವಿರಾರು ಜನ ಸಿನಿಮಾ ಕಂಪನಿಗೆ ಪತ್ರ ಬರೆದರು. ಎರಡೇ ವಾರದಲ್ಲಿ ಕಂಪನಿ ಒಪ್ಪಿತು: ಅವಳೊಬ್ಬಳಿಗೆ ಮೊದಲೇ ತೋರಿಸುತ್ತಾರೆ.

ಹೇಳಿದಾಗ ಅವಳು ನನ್ನನ್ನು ದುರುಗುಟ್ಟಿ ನೋಡಿದಳು. “ಎಂಟು ಸಾವಿರ ಜನಕ್ಕೆ ನನ್ನ ಹೊಟ್ಟೆ ವಿಷಯ ಹೇಳಿದ್ಯಾ?”

“ಹೇಳಿದೆ.”

“ಕತ್ತೆ.” ದಿಂಬಿಗೆ ಒರಗಿ, “ಯಾವಾಗ ತರ್ತಾರಂತೆ?”

ಲಂಡನ್ನಿನಿಂದ ಕಂಪನಿಯ ಇಮೊಜೆನ್ ಎಂಬ ನಡುವಯಸ್ಸಿನ ಅಧಿಕಾರಿ, ಸಿನಿಮಾವಿದ್ದ ಬೀಗ ಹಾಕಿದ ಪೆಟ್ಟಿಗೆಯೊಂದಿಗೆ ಬಂದಳು. ಮೊದಲು ಒಂದು ಕಾಗದಕ್ಕೆ ಸಹಿ: ಕಥೆಯಲ್ಲಿ ಏನಾಯಿತೆಂದು ಯಾರಿಗೂ ಹೇಳುವಂತಿಲ್ಲ, ಹೇಗನ್ನಿಸಿತೆಂದು ಮಾತ್ರ ಹೇಳಬಹುದು. ನನ್ನನ್ನು ಹೊರಗೆ ಕೂರಿಸಿದರು. ವಾರ್ಡಿನ ಅಡುಗೆಮನೆಯಲ್ಲಿ ಯಾರೋ ವಾಫಲ್ ಸುಡುತ್ತಿದ್ದರು. ಎರಡೂವರೆ ಗಂಟೆ ಆ ವಾಸನೆ ಕುಡಿಯುತ್ತ ಕೂತೆ.

ಇಮೊಜೆನ್ ಕಣ್ಣೊರೆಸಿಕೊಳ್ಳುತ್ತ ಬಂದಳು. “ಮುಗಿದ ಮೇಲೆ ಅವರು ಒಂದು ಮಾತೂ ಆಡಲಿಲ್ಲ. ಮನಸ್ಸಿಗೆ ಎಷ್ಟು ತಟ್ಟಿರಬೇಕು ನೋಡಿ.”

ಒಳಗೆ ಹೋದೆ. ಟೋರುನ್ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು.

“ಹೇಗಿತ್ತು?”

“ಇಷ್ಟ ಆಗ್ಲಿಲ್ಲ.”

ನಾನು ನಕ್ಕೆ. ಅವಳು ನಗಲಿಲ್ಲ.

“ಯಾಕೆ?”

“ಸಹಿ ಹಾಕಿದೀನಿ ಕಣೋ. ನಿನಗೂ ಹೇಳೋ ಹಾಗಿಲ್ಲ.”

“ಜನ ಕಾಯ್ತಿದಾರೆ. ಏನಂತ ಬರೀಲಿ?”

“ಇಷ್ಟ ಆಗ್ಲಿಲ್ಲ ಅಂತ ಬರಿ. ತೋರಿಸಿದ್ದಕ್ಕೆ ಥ್ಯಾಂಕ್ಸ್ ಅಂತಾನೂ ಹಾಕು.”

“ಎಲ್ರೂ ನಿನಗೋಸ್ಕರ ಅಷ್ಟೆಲ್ಲ ಮಾಡಿದಾರೆ… ‘ಮಾತೇ ಹೊರಡಲಿಲ್ಲ’ ಅಂತ ಹಾಕ್ಲಾ? ಸುಳ್ಳೇನಲ್ಲವಲ್ಲ.”

ಅವಳು ಕಷ್ಟಪಟ್ಟು ನನ್ನ ಕಡೆ ತಿರುಗಿದಳು. “ಸ್ಟೈನಾರ್, ಇಷ್ಟ ಆಗದ್ದನ್ನ ಆಯ್ತು ಅಂತ ಒಂದು ಸಲನಾದ್ರೂ ಹೇಳಿದೀನಾ? ಈಗ ಸಾಯ್ತೀನಿ ಅಂತ ಶುರು ಮಾಡ್ಲಾ?”

ಅವಳು ಹೇಳಿದಂತೆಯೇ ಬರೆದೆ. ಪುಟಕ್ಕೆ ಗರ ಬಡಿದಂತಾಯಿತು. ಆಮೇಲೆ ಜನ ಮೆಲ್ಲಗೆ ಸಮಾಧಾನದ ಮಾತು ಹೇಳತೊಡಗಿದರು: ಪಾಪ, ನೋವಿನಲ್ಲಿ ನೋಡಿದ್ದಾಳೆ, ಪಾಪ, ಔಷಧಿಯ ಮಂಪರಿರಬೇಕು. ಸಂಜೆಗೆ ಲಿಲ್ಲೆಹಾಮರ್‌ನ ಟ್ರಿಗ್ವೆ ಎಂಬಾತ ಬರೆದ: “ಹಬ್ಬದೂಟಕ್ಕೆ ಎಲ್ಲರಿಗಿಂತ ಮೊದಲು ಕೂರಿಸಿದರೆ ಉಪ್ಪು ಕಮ್ಮಿ ಅಂತ ಎದ್ದಳು. ಸಾಯುವವಳಾದರೇನು, ಏಳನೆಯದನ್ನು ಶ್ರೇಷ್ಠ ಅನ್ನುವವಳ ನಾಲಿಗೆಯನ್ನು ನಾನಂತೂ ನಂಬುವುದಿಲ್ಲ.”

ಅವಳ ಹಾಸಿಗೆಯ ಪಕ್ಕದಲ್ಲೇ ಕೂತು ಅದನ್ನು ಅಳಿಸಲು ಹೊರಟಿದ್ದೆ, ಟೋರುನ್ ನೋಡಿಬಿಟ್ಟಳು.

“ಮುಟ್ಬೇಡ! ಆರು ತಿಂಗಳಿಂದ ಎಲ್ರೂ ನನ್ನ ಹತ್ರ ಪಿಸುಪಿಸು ಅಂತಾರೆ. ನೀನೂ ಅಷ್ಟೇ. ಇವನೊಬ್ಬ ಸರಿಯಾಗಿ ಜಗಳಕ್ಕೆ ಬಂದಿದಾನೆ. ಕೊಡಿಲ್ಲಿ ಫೋನು.”

ಒಂಬತ್ತು ದಿನ ಆ ಜಗಳ ನಡೆಯಿತು. ಏಳನೆಯದು ಯಾಕೆ ಶ್ರೇಷ್ಠ, ಮೂರನೆಯದು ಯಾಕೆ ದಂಡ, ಎಂಟನೆಯದರ ಖಳನಿಗೆ ತಲೆಯಿದೆಯೋ ಇಲ್ಲವೋ. ಬೆರಳು ಸೋತ ಮೇಲೆ ಅವಳು ಹೇಳಿದ್ದನ್ನು ನಾನು ಬರೆದೆ. ಟ್ರಿಗ್ವೆ ಒಂದು ದಿನವೂ ಮೆತ್ತಗಾಗಲಿಲ್ಲ. ಅವನ ಉತ್ತರ ಬರುವುದು ತಡವಾದರೆ ಅವಳು ನರ್ಸ್‌ಗೆ ರೇಗುತ್ತಿದ್ದಳು. ಕೊನೆಯದಾಗಿ ಅವಳು ಬರೆಸಿದ್ದು ಇದು: “ಐದನೆಯದರ ಸೇತುವೆ ದೃಶ್ಯ ಚೆನ್ನಾಗಿದೆ, ಒಪ್ಪಿದೆ. ಅಷ್ಟಕ್ಕೇ ಹಿಗ್ಗಬೇಡ.”

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ನಾನು ಫೆರಿಯಲ್ಲಿದ್ದಾಗ, ಅವಳು ಹೋದಳು. ಟ್ರಿಗ್ವೆ ಎರಡು ಸಲ ಬರೆದು ಉತ್ತರ ಬರದೆ ಮೂರನೆಯ ಸಲ “ಏನು, ಸೋತೆಯಾ?” ಎಂದು ಕೇಳಿದ್ದ. ನಾನೇ ಅವನಿಗೆ ಫೋನ್ ಮಾಡಿ ತಿಳಿಸಿದೆ.

“ನಾನು ಅಂದಿದ್ದು… ಆ ಮೊದಲನೇ ಮಾತು…” ಎಂದು ತಡವರಿಸಿದ.

“ಅವಳಿಗೆ ಅದು ಖುಷಿ ಕೊಡ್ತು. ನಿಜವಾಗ್ಲೂ.”

“ಮೇ ತಿಂಗಳಲ್ಲಿ ನಾನು ಅಲ್ಲಿಗೆ ಬರ್ಲಾ?” ಎಂದು ಕೇಳಿದ.

ಬಂದ. ಅರವತ್ತು ದಾಟಿದ, ಉದ್ದನೆಯ, ಕೊಂಚ ಬಾಗಿದ ಶಾಲಾಮಾಸ್ತರ. ಮಧ್ಯಾಹ್ನದ ಮೊದಲ ಪ್ರದರ್ಶನಕ್ಕೆ ಅಕ್ಕಪಕ್ಕ ಕೂತೆವು. ಸಿನಿಮಾ ಶುರುವಾಗಿ ಇಪ್ಪತ್ತು ನಿಮಿಷವಾಗಿರಬೇಕು. ಸಮುದ್ರದ ತಳದಿಂದ ಬೆಳ್ಳಿಗರಿಯ ದೇಹವನ್ನು ಎತ್ತಿ ತಂದು ಒಂದು ಯಂತ್ರದೊಳಗೆ ಮಲಗಿಸಿದರು. ಅವನು ಕಣ್ಣು ಬಿಟ್ಟ. ಎದ್ದು ಕೂತು ತಮಾಷೆಯ ಮಾತೊಂದನ್ನೂ ಆಡಿದ.

ಟೋರುನ್ ಅಂದು ಕಿಟಕಿಯ ಕಡೆ ತಿರುಗಿ ಮಲಗಿದ್ದು ಯಾಕೆಂದು ನನಗೆ ಆ ಕ್ಷಣ ಗೊತ್ತಾಯಿತು. ಆದರೆ ಅದೇ ಕ್ಷಣ ನಾನು ನನಗೇ ತಿಳಿಯದೆ ಎದ್ದು ನಿಂತಿದ್ದೆ. ಇಡೀ ಚಿತ್ರಮಂದಿರ ಕೂಗುತ್ತಿತ್ತು, ನಾನೂ ಕೂಗುತ್ತಿದ್ದೆ. ಕಣ್ಣಿಂದ ನೀರು ಸುರಿಯುತ್ತಿತ್ತು. ಇಷ್ಟು ಸಂತೋಷ ಯಾವ ಸಿನಿಮಾದಲ್ಲೂ ನನಗೆ ಆಗಿರಲಿಲ್ಲ. ಪಕ್ಕದಲ್ಲಿ ಟ್ರಿಗ್ವೆ ಮಾತ್ರ ಕೈ ತೊಡೆಯ ಮೇಲಿಟ್ಟು ಕೂತೇ ಇದ್ದ.

ಮುಗಿದ ಮೇಲೆ ಬಂದರಿನ ಹತ್ತಿರ ಮೀನಿನ ಸೂಪು ತರಿಸಿಕೊಂಡು ಕೂತೆವು. ಟ್ರಿಗ್ವೆ ಚಮಚ ಮುಟ್ಟಲಿಲ್ಲ.

“ಅವಳು ಹೇಳಿದ್ದೇ ಸರಿ,” ಎಂದ. “ಸಾವು ಅಂದ್ರೆ ನೆಗಡಿ ಅನ್ನೋ ಹಾಗೆ ಮಾಡ್ಬಿಟ್ಟಿದಾರೆ. ಆ ಹಾಸಿಗೆ ಮೇಲೆ ಮಲಗಿ ಇದನ್ನ ನೋಡೋದು… ಛೆ. ಒಳ್ಳೇದು ಮಾಡ್ತೀವಿ ಅಂತ ನಾವೆಲ್ಲ ಅವಳಿಗೆ ಇದನ್ನ ತೋರಿಸಿದ್ವಲ್ಲ.”

ಸುಮ್ಮನಿದ್ದರೆ ಆಗುತ್ತಿತ್ತು. ಆಗಲಿಲ್ಲ.

“ನನಗೆ ಇಷ್ಟ ಆಯ್ತು,” ಎಂದೆ.

ಅವನು ತಲೆಯೆತ್ತಿದ.

“ಅವಳಿಗೆ ಯಾಕೆ ಆಗ್ಲಿಲ್ಲ ಅಂತ ಗೊತ್ತಾಯ್ತು. ಆದ್ರೂ ನನಗೆ ಇಷ್ಟ ಆಯ್ತು. ಅವನು ಕಣ್ಣು ಬಿಟ್ಟನಲ್ಲ… ಯಾರಾದ್ರೂ ಒಬ್ರು ಕಣ್ಣು ಬಿಡ್ಲಿ ಅಂತ ಇತ್ತು ನನಗೆ.” ಗೆಳತಿಗೆ ದ್ರೋಹ ಮಾಡಿದಂತೆ ನಾಚಿಕೆಯಾಗಿ ಸೂಪಿನ ಬಟ್ಟಲನ್ನೇ ನೋಡುತ್ತ ಕೂತೆ.

ಟ್ರಿಗ್ವೆ ಬ್ರೆಡ್ಡಿನ ಬುಟ್ಟಿಯನ್ನು ನನ್ನ ಕಡೆ ಸರಿಸಿದ. “ಹಾಗೇ ಬರಿ ಮತ್ತೆ. ಸುಳ್ಳು ಬರೆದ್ರೆ ಅವಳು ಸುಮ್ನೆ ಬಿಡ್ತಿದ್ಲಾ?” ಆಮೇಲೆ ಚಮಚ ಕೈಗೆತ್ತಿಕೊಂಡು, “ಆದ್ರೆ ನಿನ್ನ ರುಚಿ ಹಾಳಾಗಿದೆ. ಅದನ್ನೂ ಹೇಳ್ಬೇಕಲ್ಲ,” ಎಂದ. ಅವನ ರೈಲಿನ ಹೊತ್ತಾಗುವವರೆಗೂ ವಾದಿಸಿದೆವು.

ಮರುದಿನ ಬೆಳಿಗ್ಗೆ ಪುಟದಲ್ಲಿ ಬರೆದೆ: “ಹನ್ನೊಂದನೆಯದು ಟೋರುನ್‌ಗೆ ಇಷ್ಟವಾಗಿರಲಿಲ್ಲ. ಅವಳು ಔಷಧಿಯ ಮಂಪರಿನಲ್ಲಿರಲಿಲ್ಲ, ಯೋಚಿಸಿಯೇ ಹೇಳಿದ್ದಳು. ನನಗೆ ತುಂಬ ಇಷ್ಟವಾಯಿತು. ಅವಳಿದ್ದಿದ್ದರೆ ಇವತ್ತು ಜೋರು ಜಗಳವಾಗುತ್ತಿತ್ತು.”

ಫೆರಿ ದಡ ಬಿಟ್ಟು ಕೊಲ್ಲಿಯ ನಡುವೆ ಬರುವ ಹೊತ್ತಿಗೆ ಮುನ್ನೂರು ಜನ ಉತ್ತರ ಬರೆದಿದ್ದರು. ಅರ್ಧದಷ್ಟು ಮಂದಿ ನನ್ನನ್ನು ಬೈದಿದ್ದರು, ಉಳಿದವರು ಅವಳನ್ನು. ಒಂದನ್ನೂ ಅಳಿಸಲಿಲ್ಲ.